ನೀರು ಇಳಿದ ಮೇಲಿನ ವರ್ಷಗಳು

ಪ್ರಶ್ನೆ: ಮಗಳು, ಅಳಿಯ ಅಮೆರಿಕದ ಹ್ಯೂಸ್ಟನ್‌ನಲ್ಲಿದ್ದಾರೆ. 2017ರ ಹಾರ್ವೆ ಚಂಡಮಾರುತದಲ್ಲಿ ಅವರ ಮನೆಗೆ ನೀರು ನುಗ್ಗಿತ್ತು. ರಿಪೇರಿಯಾಗಿ ವಾಪಸ್ ಬಂದು ಎಷ್ಟೋ ವರ್ಷವಾಯಿತು. ಈಗಲೂ ಜೋರು ಮಳೆ ಬಂದರೆ ಮಗಳಿಗೆ ನಿದ್ದೆಯಿಲ್ಲ. ಅಳಿಯಂದು ಸಾಲದ ಚಿಂತೆ. ‘ಆಗಿದ್ದು ಆಗಿಹೋಯಿತು, ಮರೆತುಬಿಡು’ ಅಂದರೆ ಮಗಳು ಫೋನ್ ಇಟ್ಟುಬಿಡುತ್ತಾಳೆ. ನಾವು ಹೇಳಿದ್ದರಲ್ಲಿ ತಪ್ಪೇನಿದೆ?
– ಒಬ್ಬ ತಾಯಿ, ನರಗುಂದ

ಉತ್ತರ: ಅಕ್ಕಾ, ನಾನೂ ಹ್ಯೂಸ್ಟನ್‌ನವಳೇ. ಬಫೆಲೊ ಬಾಯು ಅನ್ನುವ ಹೊಳೆಯ ಹತ್ತಿರ ನಮ್ಮ ಮನೆ. ದಯವಿಟ್ಟು ಆ ಮಾತು ಇನ್ನು ಹೇಳಬೇಡಿ.

ಹಾರ್ವೆ ಆಗಸ್ಟ್ 25ರ ರಾತ್ರಿ ದಡಕ್ಕೆ ಬಂದಿದ್ದು, ಮುಂದೆ ಹೋಗದೆ ಟೆಕ್ಸಸ್ ಮೇಲೆಯೇ ದಿನಗಟ್ಟಲೆ ಸುಳಿದಾಡಿತು. ಒಂದೆಡೆಯಂತೂ 60 ಇಂಚಿಗೂ ಮೀರಿ ಮಳೆ. ಆಡಿಕ್ಸ್, ಬಾರ್ಕರ್ ಜಲಾಶಯಗಳಿಂದ 28ರ ನಸುಕಿನಲ್ಲಿ ನಮ್ಮ ಹೊಳೆಗೆ ನೀರು ಬಿಡಲು ಶುರುಮಾಡಿದರು. ನಮ್ಮ ಬೀದಿಯಲ್ಲಿ ಮಳೆ ಕಡಿಮೆಯಾದ ಮೇಲೆ ನೀರು ಏರಿತು. 2019ರಲ್ಲಿ ನವಿಲುತೀರ್ಥ ಅಣೆಕಟ್ಟಿನ ನೀರಿಗೆ ನಿಮ್ಮ ಕಡೆಯ ಕೊಣ್ಣೂರು ಮುಳುಗಿದ್ದನ್ನು ಕಂಡ ನಿಮಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಇಲ್ಲಿಯ ಮನೆಗಳು ಕಲ್ಲಿನವಲ್ಲ. ಮರದ ಚೌಕಟ್ಟು, ಅದರ ಮೇಲೆ ಜಿಪ್ಸಮ್ ಹಲಗೆ. ಒದ್ದೆಯಾದರೆ ಒಂದೆರಡು ದಿನದಲ್ಲಿ ಬೂಷ್ಟು ಹಿಡಿಯುತ್ತದೆ. ನೀರು ನಿಂತದ್ದು ಮೂರಡಿಯಾದರೂ ಗೋಡೆಯನ್ನು ನಾಲ್ಕಡಿಯವರೆಗೆ ಕೊಯ್ದು ತೆಗೆದೆವು. ನೆಲಹಾಸು, ಹಾಸಿಗೆ, ಫ್ರಿಜ್, ನನ್ನ ಮದುವೆಯ ಇಳಕಲ್ ಸೀರೆ ಎಲ್ಲ ರಸ್ತೆ ಬದಿಯ ರಾಶಿಗೆ ಸೇರಿದವು. ಆ ರಾಶಿ ವಾರಗಟ್ಟಲೆ ಕೊಳೆಯುತ್ತಾ ಬಿದ್ದಿತ್ತು. ತೊಳೆದು ಮತ್ತೆ ಬಳಸಿದ್ದು ಅವ್ವ ಕೊಟ್ಟಿದ್ದ ಕಲ್ಲಿನ ಕುಟ್ಟಾಣಿ ಒಂದನ್ನೇ. ಮರ ಒಣಗುವ ಮೊದಲೇ ಹೊಸ ಗೋಡೆ ಮುಚ್ಚಿದರೆ ಒಳಗೊಳಗೇ ಬೂಷ್ಟು ಬೆಳೆಯುತ್ತದೆ. ನಮ್ಮ ಮೊದಲ ಕಂಟ್ರಾಕ್ಟರ್ ಹಾಗೇ ಮಾಡಿ, ಮುಂಗಡ ಹಿಡಿದುಕೊಂಡು ಮಾಯವಾದ. ಎರಡನೆಯ ಸಲ ಗೋಡೆ ಕೊಯ್ದ ದಿನ ನಮ್ಮೆಜಮಾನರು ಮೆಟ್ಟಿಲ ಮೇಲೆ ಕೂತು ಅತ್ತರು. ಅವರು ಅತ್ತಿದ್ದನ್ನು ನಾನು ಕಂಡದ್ದು ಆಗೊಮ್ಮೆ ಮಾತ್ರ.

ಅಳಿಯಂದಿರ ಸಾಲದ ಮಾತಿಗೂ ಕಾರಣವಿದೆ. ಇಲ್ಲಿಯ ಮಾಮೂಲಿ ಮನೆ ವಿಮೆ ನೆರೆಗೆ ಅನ್ವಯಿಸುವುದಿಲ್ಲ. ನೆರೆಯ ವಿಮೆ ಬೇರೆಯೇ ಮಾಡಿಸಬೇಕು. ಸರ್ಕಾರದ ನಕ್ಷೆಯಲ್ಲಿ ಅಪಾಯದ ಗೆರೆಯಿಂದ ಆಚೆಗಿದ್ದ ಎಷ್ಟೋ ಜನ ಮಾಡಿಸಿರಲಿಲ್ಲ, ನಾವೂ ಮಾಡಿಸಿರಲಿಲ್ಲ. ಆ ಸಲ ಮುಳುಗಿದ ಮನೆಗಳಲ್ಲಿ ಅರ್ಧಕ್ಕಿಂತ ಹೆಚ್ಚು ಆ ಗೆರೆಯಾಚೆಗಿನವೇ. ವಾಸಕ್ಕಾಗದ ಮನೆಗೆ ಬ್ಯಾಂಕಿನ ಕಂತು, ಇರುವ ಮನೆಗೆ ಬಾಡಿಗೆ, ಮೇಲೆ ರಿಪೇರಿ ಸಾಲ. ಸರ್ಕಾರ ಕೊಡುವ ವಿಪತ್ತು ಸಾಲದ ಅವಧಿ 30 ವರ್ಷದವರೆಗೂ ಇರುತ್ತದೆ. ನಿಮ್ಮ ಅಳಿಯ ತೆಗೆದುಕೊಂಡಿದ್ದು ಅದೇ ಆದರೆ, ಮೊಮ್ಮಕ್ಕಳು ಕೆಲಸಕ್ಕೆ ಸೇರಿದರೂ ಅದು ತೀರಿರಲಿಕ್ಕಿಲ್ಲ. ಮನೆ ಮಾರೋಣ ಅಂದರೆ, ನೀರು ನುಗ್ಗಿದ್ದನ್ನು ಕೊಳ್ಳುವವರಿಗೆ ಬರೆದು ತಿಳಿಸಬೇಕು.

ಭಯವೂ ಸುಳ್ಳಲ್ಲ ಅಕ್ಕಾ. 2019ರಲ್ಲಿ ಇಮೆಲ್ಡಾ ಮಾರುತ ಬಂತು, 2024ರಲ್ಲಿ ಬೆರಿಲ್. ಈಗಲೂ ಮಳೆ ಜೋರಾದರೆ ನಾನು ಟಾರ್ಚ್ ಹಿಡಿದು ಬಾಗಿಲ ಬಳಿ ಹೋಗಿ ಚರಂಡಿ ನೋಡಿ ಬರುತ್ತೇನೆ. ಪಾಸ್‌ಪೋರ್ಟ್‌ಗಳನ್ನು ಅಟ್ಟದ ಮೇಲೆ ಪ್ಲಾಸ್ಟಿಕ್ ಡಬ್ಬದಲ್ಲಿ ಇಟ್ಟಿದ್ದೇನೆ. ಎರಡು ವರ್ಷ ಆಪ್ತಸಮಾಲೋಚಕಿಯ ಹತ್ತಿರ ಹೋದೆ, ನಿದ್ದೆ ಮಟ್ಟಿಗೆ ಸಹಾಯವಾಯಿತು. ಮಗಳು ಹೋಗಲು ಮನಸ್ಸು ಮಾಡಿದರೆ ಬೇಡ ಅನ್ನಬೇಡಿ. ನೆರೆ ವಿಮೆ ಈಗ ಇದೆಯೇ ಎಂದೂ ಕೇಳಿ. ಮಾಡಿಸಿದ ಮೇಲೆ ಜಾರಿಗೆ ಬರಲು ಸಾಮಾನ್ಯವಾಗಿ 30 ದಿನ ಬೇಕು. ಮಾರುತ ಹೊರಟ ಸುದ್ದಿ ಬಂದ ಮೇಲೆ ಓಡಾಡಿ ಪ್ರಯೋಜನವಿಲ್ಲ.

ಬೇಸಿಗೆಯಲ್ಲಿ ಇಲ್ಲಿ ರಾತ್ರಿ ಎರಡು ಗಂಟೆಯಾದಾಗ ನಿಮಗೆ ಮಧ್ಯಾಹ್ನ ಹನ್ನೆರಡೂವರೆ. ಹ್ಯೂಸ್ಟನ್‌ನಲ್ಲಿ ಮಳೆ ಅಂತ ಗೊತ್ತಾದ ದಿನ ಊಟಕ್ಕೆ ಕೂರುವ ಮೊದಲು ಒಂದು ಫೋನ್ ಮಾಡಿ. ಅವಳು ಎಚ್ಚರವಾಗಿಯೇ ಇರುತ್ತಾಳೆ. ‘ನೀರು ಎಲ್ಲಿವರೆಗೆ ಬಂದದವ್ವ?’ ಅಂತ ಕೇಳಿ, ಅವಳು ಹೇಳಿ ಮುಗಿಸುವವರೆಗೂ ಫೋನ್ ಇಡಬೇಡಿ.