ಪಾಲಿಶ್ ಮಾಡಿದರೆ ಕಾರಿನ ಕ್ಲಿಯರ್ ಕೋಟ್ ಸವೆದುಹೋಗುತ್ತಾ?

ನಿಮ್ಮದು ಐದು ವರ್ಷದ ಕಪ್ಪು ಕಾರು. ಬಿಸಿಲಿಗೆ ನಿಲ್ಲಿಸಿದರೆ ಬಾನೆಟ್ ತುಂಬ ಜೇಡರಬಲೆ ಥರ ಗೆರೆ. ಮೆಷಿನ್ ತಂದು ಮನೆಯಲ್ಲೇ ಪಾಲಿಶ್ ಮಾಡುವ ಆಸೆ, ಆದರೆ ಬಣ್ಣದ ಮೇಲಿರುವ ಪಾರದರ್ಶಕ ಪದರ, ಅಂದರೆ ಕ್ಲಿಯರ್ ಕೋಟ್, ಹೋಗಿಬಿಟ್ಟರೆ ಅನ್ನುವ ಭಯ. ಜೊತೆಗೆ, ಮೆಷಿನ್ ಬೇಡ ಅಂದರೆ ಕೈಯಲ್ಲೇ ಕಾಂಪೌಂಡ್ (ಪಾಲಿಶ್‌ಗಿಂತ ಒರಟಾದ, ಪೇಂಟ್ ಸವೆಸುವ ಪೇಸ್ಟ್) ಹಾಕಿ ಉಜ್ಜಬಹುದಾ ಅಂತ ಇನ್ನೊಂದು ಪ್ರಶ್ನೆ. ನಾನು ಕಾರ್ ಡೀಟೇಲಿಂಗ್ ಕೆಲಸ ಮಾಡುವವನು, ನನ್ನ ಬಳಿ ಬರುವವರಲ್ಲಿ ಅರ್ಧ ಜನ ಕೇಳುವುದು ಇದನ್ನೇ.

ನಿಮ್ಮ ಭಯ ಸರಿಯಾಗಿಯೇ ಇದೆ. ಪಾಲಿಶ್ ಅಂದರೆ ಸವೆಸುವುದೇ. ಗೆರೆ ಅಂದರೆ ಕ್ಲಿಯರ್ ಕೋಟ್ ಮೇಲೆ ಬಿದ್ದ ಸಣ್ಣ ಕಾಲುವೆ. ಅದನ್ನು ತುಂಬಿಸಲು ಆಗುವುದಿಲ್ಲ. ಸುತ್ತಲಿನ ಮಟ್ಟವನ್ನು ಅದರ ತಳದವರೆಗೆ ಇಳಿಸಿದಾಗ ಅದು ಕಾಣೆಯಾಗುತ್ತದೆ. ಹಾಗಾಗಿ ಕೇಳಬೇಕಾದ್ದು ಎಷ್ಟು ಸವೆಸಬಹುದು, ಎಲ್ಲಿ ನಿಲ್ಲಿಸಬೇಕು ಅಂತ.

ಲೆಕ್ಕ ನೋಡಿ. ಕಂಪನಿಯಿಂದ ಬಂದ ಕಾರಿನ ಮೇಲೆ ತಗಡಿನಿಂದ ಹೊರಕ್ಕೆ ಒಟ್ಟು ಪೇಂಟ್ ಸಾಮಾನ್ಯವಾಗಿ 100ರಿಂದ 150 ಮೈಕ್ರಾನ್ ಇರುತ್ತದೆ. ಅದರಲ್ಲಿ ತುಕ್ಕು ತಡೆಯುವ ಪದರ, ಪ್ರೈಮರ್, ಬಣ್ಣ ಎಲ್ಲ ಸೇರಿದೆ. ಮೇಲಿನ ಕ್ಲಿಯರ್ ಕೋಟ್ 35ರಿಂದ 50 ಮೈಕ್ರಾನ್ ಅಷ್ಟೇ. ಒಂದು ಮೈಕ್ರಾನ್ ಅಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಪಾಲು. ಮೆತ್ತಗಿನ ಪ್ಯಾಡ್, ಫಿನಿಶಿಂಗ್ ಪಾಲಿಶ್ ಹಾಕಿ ಒಂದು ಸುತ್ತು ಮಾಡಿದರೆ ಸುಮಾರು ಒಂದು ಮೈಕ್ರಾನ್ ಅಥವಾ ಅದಕ್ಕಿಂತ ಕಡಿಮೆ ಹೋಗುತ್ತದೆ. ಉಣ್ಣೆ ಪ್ಯಾಡ್, ಗಡಸು ಕಾಂಪೌಂಡ್ ಹಾಕಿ ಒತ್ತಿದರೆ ಮೂರು, ನಾಲ್ಕು, ಕೆಲವೊಮ್ಮೆ ಇನ್ನೂ ಜಾಸ್ತಿ. ಒಂದು ಸಲಕ್ಕೆ ಏನೂ ಆಗುವುದಿಲ್ಲ. ಪ್ರತಿ ಸರ್ವಿಸ್‌ನಲ್ಲೂ 'ರಬ್ಬಿಂಗ್-ಪಾಲಿಶಿಂಗ್' ಅಂತ ಮಾಡಿಸಿಕೊಂಡು ಬಂದ ಕಾರು ಇದೆಯಲ್ಲ, ಅಪಾಯ ಇರುವುದು ಅಲ್ಲಿ.

ಇನ್ನೊಂದು ವಿಷಯ. ಬಿಸಿಲಿನ ಯುವಿ ಕಿರಣ ತಡೆಯುವ ರಾಸಾಯನಿಕ ಇರುವುದು ಈ ಕ್ಲಿಯರ್ ಕೋಟ್‌ನಲ್ಲೇ. ಪೂರ್ತಿ ಸವೆದು ಬಣ್ಣ ಹೊರಗೆ ಬರಬೇಕಂತಿಲ್ಲ, ತೀರಾ ತೆಳುವಾದರೂ ಸಾಕು, ಕೆಲವು ವರ್ಷಗಳಲ್ಲಿ ಬಣ್ಣ ಮಂಕಾಗಿ, ಮೇಲಿನ ಪದರ ಬಿಳಿಬಿಳಿಯಾಗಿ ಸಿಪ್ಪೆ ಏಳುತ್ತದೆ. ಹಾಗಾದ ಮೇಲೆ ಯಾವ ಪಾಲಿಶ್ ಕೂಡ ಕೆಲಸಕ್ಕೆ ಬರುವುದಿಲ್ಲ, ಪೇಂಟ್ ಹೊಡೆಸುವುದೇ ದಾರಿ. ಕಾರಿನ ಇಡೀ ಆಯುಷ್ಯದಲ್ಲಿ ಎಂಟು ಮೈಕ್ರಾನ್‌ಗಿಂತ ಜಾಸ್ತಿ ತೆಗೆಯಬಾರದು ಅನ್ನುವುದು ನಾನು ಇಟ್ಟುಕೊಂಡ ಮಿತಿ.

ಪೇಂಟ್ ದಪ್ಪ ಅಳೆಯುವ ಗೇಜ್ ಸಿಕ್ಕರೆ ಬಾಡಿಗೆಗಾದರೂ ತನ್ನಿ. ಆದರೆ ಅದು ಕ್ಲಿಯರ್ ಕೋಟ್ ಒಂದನ್ನೇ ಅಳೆಯುವುದಿಲ್ಲ, ಎಲ್ಲ ಪದರ ಸೇರಿಸಿ ಒಂದೇ ಅಂಕಿ ಕೊಡುತ್ತದೆ. ಒಂದೊಂದು ಭಾಗದಲ್ಲೂ ಏಳೆಂಟು ಕಡೆ ಇಟ್ಟು ನೋಡಿ. ಬಾನೆಟ್ ಎಲ್ಲ ಕಡೆ 120 ತೋರಿಸಿ ಒಂದು ಮೂಲೆಯಲ್ಲಿ 95 ಬಂದರೆ, ಅಲ್ಲಿ ಯಾರೋ ಮೊದಲೇ ಚೆನ್ನಾಗಿ ಉಜ್ಜಿರಬಹುದು. ಆ ಜಾಗಕ್ಕೆ ಮೆಷಿನ್ ತೋರಿಸಬೇಡಿ. 200 ದಾಟಿದರೆ ಮತ್ತೆ ಪೇಂಟ್ ಆದ ಭಾಗ ಇರಬೇಕು. ದಪ್ಪ ಇದೆ ಅಂತ ಧೈರ್ಯ ಮಾಡಬೇಡಿ, ಆ ದಪ್ಪದಲ್ಲಿ ಕ್ಲಿಯರ್ ಎಷ್ಟು, ಕೆಳಗಿನ ಪುಟ್ಟಿ ಎಷ್ಟು ಅಂತ ಗೇಜ್ ಹೇಳುವುದಿಲ್ಲ. ಪ್ಲಾಸ್ಟಿಕ್ ಬಂಪರ್ ಮೇಲೆ ಮಾಮೂಲಿ ಗೇಜ್ ನಡೆಯುವುದೇ ಇಲ್ಲ.

ಗೇಜ್ ಇಲ್ಲವೇ? ಉಗುರು ಇದೆ. ಗೀರಿಗೆ ಅಡ್ಡಲಾಗಿ ಉಗುರನ್ನು ಮೆಲ್ಲಗೆ ಎಳೆಯಿರಿ. ಟಕ್ ಅಂತ ಸಿಕ್ಕಿಕೊಂಡರೆ ಆ ಗೀರನ್ನು ಪೂರ್ತಿ ತೆಗೆಯುವ ಆಸೆ ಬಿಡಿ. ಪಾಲಿಶ್ ಮಾಡಿದಾಗ ಅದರ ಚೂಪು ಅಂಚು ಸ್ವಲ್ಪ ದುಂಡಗಾಗಿ ಅಷ್ಟಾಗಿ ಕಣ್ಣಿಗೆ ಹೊಡೆಯುವುದಿಲ್ಲ, ಅಷ್ಟೇ ಸಾಕು. ಉಗುರಿಗೆ ಸಿಗದ, ಬೆಳಕಿಗೆ ಮಾತ್ರ ಕಾಣುವ ಕೂದಲು ಗೆರೆಗಳು ಹೋಗುತ್ತವೆ. ಅಂದಹಾಗೆ, ಆ ಗೆರೆಗಳು ನಿಜವಾಗಿ ಸುತ್ತಾಕಾರದಲ್ಲಿ ಇರುವುದಿಲ್ಲ. ಎಲ್ಲ ದಿಕ್ಕಿಗೂ ಅಡ್ಡಾದಿಡ್ಡಿ ಇರುತ್ತವೆ. ಬೆಳಕಿಗೆ ಅಡ್ಡವಾಗಿ ಇರುವವು ಮಾತ್ರ ಮಿನುಗುವುದರಿಂದ ಸೂರ್ಯನ ಸುತ್ತ ಚಕ್ರದ ಹಾಗೆ ಕಾಣುತ್ತವೆ. ಮೊಬೈಲ್ ಟಾರ್ಚ್ ಹಿಡಿದು ಸರಿಸುತ್ತಾ ಹೋಗಿ, ಚಕ್ರವೂ ಜೊತೆಗೇ ಸರಿಯುತ್ತದೆ.

ಈಗ ಕೆಲಸ. ಮೊದಲು ಚೆನ್ನಾಗಿ ತೊಳೆಯಿರಿ. ಒಣಗಿದ ಮೇಲೆ ತೆಳು ಪ್ಲಾಸ್ಟಿಕ್ ಕವರ್ ಒಳಗೆ ಕೈ ಹಾಕಿ ಬಾನೆಟ್ ಮೇಲೆ ಸವರಿ. ಮರಳು ಮರಳಾಗಿ ತಾಗಿದರೆ ಕ್ಲೇ ಬಾರ್ ಬೇಕು, ಅಂದರೆ ಪೇಂಟಿಗೆ ಅಂಟಿದ ಕೊಳೆಯನ್ನು ಎತ್ತುವ ಮೆತ್ತನೆಯ ಜೇಡಿಯಂಥ ಉಂಡೆ. ಲೂಬ್ರಿಕೆಂಟ್ ಧಾರಾಳವಾಗಿ ಸಿಂಪಡಿಸಿ ಕ್ಲೇ ಎಳೆದರೆ ಮೊದಲು ಕರಕರ ಅನ್ನುತ್ತದೆ, ಆಮೇಲೆ ಸದ್ದಿಲ್ಲದೆ ಜಾರತೊಡಗುತ್ತದೆ. ಈ ಕೊಳೆ ತೆಗೆಯದೆ ಮೆಷಿನ್ ಹಾಕಿದರೆ ಅದೇ ಕಣಗಳು ಪ್ಯಾಡಿಗೆ ಸಿಕ್ಕಿ ಹೊಸ ಗೀರು ಹಾಕುತ್ತವೆ.

ಮೆಷಿನ್ ಯಾವುದು? ಡಿಎ, ಅಂದರೆ ಡ್ಯುಯಲ್ ಆಕ್ಷನ್. ಪ್ಯಾಡ್ ತಿರುಗುತ್ತಲೇ ಅತ್ತಿತ್ತ ಅಲುಗುವುದರಿಂದ ಶಾಖ ಒಂದೇ ಕಡೆ ನಿಲ್ಲುವುದಿಲ್ಲ. ಸಾಮಾನ್ಯ ಡಿಎ ಆದರೆ ಜಾಸ್ತಿ ಒತ್ತಿದಾಗ ಪ್ಯಾಡ್ ತಿರುಗುವುದೇ ನಿಂತುಹೋಗುತ್ತದೆ. ಹೊಸಬರಿಗೆ ಅದೇ ರಕ್ಷಣೆ. ರೋಟರಿ ಮೆಷಿನ್ ಹಾಗಲ್ಲ, ನೀವು ನಿಲ್ಲಿಸುವವರೆಗೂ ನಿಂತ ಜಾಗವನ್ನೇ ಕೊರೆಯುತ್ತದೆ. ಗೊತ್ತಿರುವವರ ಕೈಯಲ್ಲಿ ಒಳ್ಳೆಯ ಆಯುಧ, ನಿಮಗೆ ಈಗ ಬೇಡ. ಡ್ರಿಲ್ಲಿಗೆ ಪ್ಯಾಡ್ ಸಿಕ್ಕಿಸುವ ಐಡಿಯಾ ಅಂತೂ ಬೇಡವೇ ಬೇಡ.

ಅಂಚು, ಮಡಿಕೆ, ಬಾನೆಟ್ ಮೇಲಿನ ಏರುಗೆರೆ, ಬಾಗಿಲಿನ ತುದಿ, ಇವಕ್ಕೆಲ್ಲ ಮಾಸ್ಕಿಂಗ್ ಟೇಪ್ ಅಂಟಿಸಿ. ಪೇಂಟ್ ಅಲ್ಲಿ ಹೆಚ್ಚಾಗಿ ತೆಳು ಇರುತ್ತದೆ, ಮೇಲಾಗಿ ಪ್ಯಾಡಿನ ಒತ್ತಡ ಪೂರ್ತಿ ಆ ಸಣ್ಣ ಗೆರೆ ಮೇಲೆಯೇ ಬೀಳುತ್ತದೆ. ನನ್ನ ಬಳಿ ಬಂದ, ಪಾಲಿಶ್‌ನಿಂದ ಹಾಳಾದ ಕಾರುಗಳಲ್ಲಿ ಹೆಚ್ಚಿನವು ಹಾಳಾಗಿದ್ದು ಇಂಥ ಅಂಚಿನಲ್ಲೇ. ಬಂಪರ್ ಬಗ್ಗೆಯೂ ಹುಷಾರು. ತಗಡು ಶಾಖವನ್ನು ಬೇಗ ಹರಡುತ್ತದೆ, ಪ್ಲಾಸ್ಟಿಕ್ ಹರಡುವುದಿಲ್ಲ.

ಆಮೇಲೆ ಟೆಸ್ಟ್ ಸ್ಪಾಟ್, ಅಂದರೆ ಮೊದಲು ಒಂದು ಸಣ್ಣ ಜಾಗದಲ್ಲಿ ಮಾಡಿ ನೋಡುವುದು. ದಯವಿಟ್ಟು ಇದೊಂದನ್ನು ಬಿಡಬೇಡಿ. ಬಾನೆಟ್ ನಡುವೆ ಒಂದೂವರೆ ಅಡಿ ಚೌಕ ಆರಿಸಿಕೊಳ್ಳಿ. ನಿಮ್ಮ ಹತ್ತಿರ ಇರುವುದರಲ್ಲಿ ಅತಿ ಮೆತ್ತಗಿನ ಫೋಮ್ ಪ್ಯಾಡ್, ಅತಿ ನಯವಾದ ಪಾಲಿಶ್ ತೆಗೆದುಕೊಳ್ಳಿ. ಬಟಾಣಿ ಗಾತ್ರದ ನಾಲ್ಕು ಹನಿ ಸಾಕು. ಮೆಷಿನ್ ಆಫ್ ಇರುವಾಗಲೇ ಪ್ಯಾಡನ್ನು ಪೇಂಟಿಗೆ ತಾಗಿಸಿ, ಕಡಿಮೆ ವೇಗದಲ್ಲಿ ಹರಡಿ, ಆಮೇಲೆ ವೇಗ ಏರಿಸಿ. ಕೈ ಚಲನೆ ನಿಧಾನ ಇರಲಿ, ಸೆಕೆಂಡಿಗೆ ಎರಡು ಮೂರು ಸೆಂಟಿಮೀಟರ್. ಮೊದಲು ಅಡ್ಡ, ಆಮೇಲೆ ಉದ್ದ, ಪ್ರತಿ ಸಲ ಹಿಂದಿನ ಪಟ್ಟಿಯ ಅರ್ಧ ಭಾಗ ಮತ್ತೆ ಮುಚ್ಚುವ ಹಾಗೆ. ಹೀಗೆ ನಾಲ್ಕೈದು ಪಾಸ್. ನಡುವೆ ಕೈ ಹಿಂಬದಿಯಿಂದ ಮುಟ್ಟಿ ನೋಡಿ. ಬೆಚ್ಚಗಿದ್ದರೆ ಪರವಾಗಿಲ್ಲ, ಕೈ ಇಡಲಾಗದಷ್ಟು ಬಿಸಿ ಇದ್ದರೆ ತಕ್ಷಣ ನಿಲ್ಲಿಸಿ. ಇದನ್ನೆಲ್ಲ ನೆರಳಲ್ಲೇ ಮಾಡಬೇಕು ಅಂತ ಬೇರೆ ಹೇಳಬೇಕಿಲ್ಲ ಅಲ್ವಾ.

ಒರೆಸಿದ ಮೇಲೆ, ನೀರು ಬೆರೆಸಿದ ಐಸೋಪ್ರೊಪೈಲ್ ಆಲ್ಕೋಹಾಲ್ ಸಿಂಪಡಿಸಿ ಇನ್ನೊಮ್ಮೆ ಒರೆಸಿ. ಪಾಲಿಶ್‌ನಲ್ಲಿರುವ ಎಣ್ಣೆ ಗೀರಿನೊಳಗೆ ಕೂತು ಸುಮ್ನೆ ಹೊಳಪು ತೋರಿಸುತ್ತದೆ. ಅದು ಹೋದ ಮೇಲೆ ಕಾಣುವುದೇ ನಿಜವಾದ ಫಲಿತಾಂಶ. ಗೆರೆ ನೂರಕ್ಕೆ ಎಪ್ಪತ್ತು ಹೋಗಿದ್ದರೆ ಇದೇ ಪ್ಯಾಡ್-ಪಾಲಿಶ್ ಜೋಡಿಯಲ್ಲಿ ಇಡೀ ಕಾರು ಮುಗಿಸಿ. ಏನೂ ವ್ಯತ್ಯಾಸ ಇಲ್ಲದಿದ್ದರೆ ಒಂದು ಮೆಟ್ಟಿಲು ಮಾತ್ರ ಮೇಲೆ ಹೋಗಿ. ಮೊದಲು ಪ್ಯಾಡ್ ಬದಲಿಸಿ, ಪಾಲಿಶ್ ಅದೇ ಇರಲಿ. ನೂರಕ್ಕೆ ನೂರು ಬೇಕು ಅಂತ ಹಟ ಹಿಡಿದರೆ ಕೊನೆಯ ಒಂದೆರಡು ಗೀರಿಗಾಗಿ ಸುತ್ತಲಿನ ಕ್ಲಿಯರ್ ಕೋಟ್ ಎಲ್ಲ ಕಳೆದುಕೊಳ್ಳುತ್ತೀರಿ. ದಿನಾ ಓಡಿಸುವ ಕಾರಿಗೆ ಅದು ಬೇಕಾಗಿಲ್ಲ.

ಪ್ಯಾಡಿನ ಮೇಲೆ ಕಾರಿನ ಬಣ್ಣ ಕಂಡರೆ ಕೆಲಸ ನಿಲ್ಲಿಸಿ. ಹಳೆಯ ಕಾಲದ, ಕ್ಲಿಯರ್ ಇಲ್ಲದ ಸಿಂಗಲ್ ಸ್ಟೇಜ್ ಪೇಂಟಿನಲ್ಲಿ ಬಣ್ಣ ಬರುವುದು ಸಹಜ. ನಿಮ್ಮ ಕಾರಿನಲ್ಲಿ ಬಂದರೆ ಕ್ಲಿಯರ್ ದಾಟಿದ್ದೀರಿ ಅಂತಲೇ ಅರ್ಥ.

ಮುಗಿದ ಮೇಲೆ ಪೇಂಟ್ ಕಾಪಾಡುವ ಲೇಪ, ವ್ಯಾಕ್ಸ್, ಸೀಲಂಟ್, ಸೆರಾಮಿಕ್, ಯಾವುದಾದರೂ ಹಚ್ಚಿ. ಬ್ರ್ಯಾಂಡ್ ಜಗಳಕ್ಕೆ ನಾನು ಬರುವುದಿಲ್ಲ. ಅದಕ್ಕಿಂತ ಮುಖ್ಯ, ಗೆರೆ ಹೇಗೆ ಬಂತು ಅಂತ ನೋಡಿ. ಒಣ ಬಟ್ಟೆಯಲ್ಲಿ ಧೂಳು ಒರೆಸುವುದು, ಒಂದೇ ಬಕೆಟ್ ನೀರಿನಲ್ಲಿ ಇಡೀ ಕಾರು ತೊಳೆಯುವುದು, ಬಹುಪಾಲು ಗೆರೆ ಹುಟ್ಟುವುದೇ ಇಲ್ಲಿ. ಮೊದಲು ನೀರು ಹಾಯಿಸಿ ಧೂಳು ಇಳಿಸಿ. ಶಾಂಪೂಗೆ ಒಂದು ಬಕೆಟ್, ಬಟ್ಟೆ ಜಾಲಿಸಲು ಇನ್ನೊಂದು ಇಟ್ಟುಕೊಳ್ಳಿ. ಈ ಅಭ್ಯಾಸ ಬದಲಾಗದಿದ್ದರೆ ಆರು ತಿಂಗಳಲ್ಲಿ ಗೆರೆ ವಾಪಸ್, ಮತ್ತೆ ಪಾಲಿಶ್, ಮತ್ತೆ ಸವೆತ.

ಇನ್ನು ಕೈಯಲ್ಲಿ ಉಜ್ಜುವ ವಿಷಯ. ಕೈಯಲ್ಲಿ ಕ್ಲಿಯರ್ ಕೋಟ್ ದಾಟುವುದು ಕಷ್ಟ, ಆ ಮಟ್ಟಿಗೆ ಸುರಕ್ಷಿತ. ಆದರೆ ಬಟ್ಟೆ ಹಿಡಿದು ಉಜ್ಜಿದರೆ ಬೆರಳ ತುದಿ ಒತ್ತಿದ ಕಡೆ ಜಾಸ್ತಿ, ಉಳಿದ ಕಡೆ ಕಡಿಮೆ ಸವೆದು ಪಟ್ಟೆ ಪಟ್ಟೆಯಾಗುತ್ತದೆ. ಇಡೀ ಬಾನೆಟ್‌ಗೆ ಇದು ಆಗದ ಕೆಲಸ. ಬಾಗಿಲ ಹಿಡಿಕೆಯ ಹಿಂದಿನ ಗುಳಿಯಲ್ಲಿ ಉಗುರು ತಾಗಿ ಆದ ಗೀರುಗಳಿಗೆ ಮಾತ್ರ, ಸಣ್ಣ ಫೋಮ್ ಅಪ್ಲಿಕೇಟರಿಗೆ ನಯವಾದ ಪಾಲಿಶ್ ಹಾಕಿ, ಒಂದೇ ದಿಕ್ಕಿನಲ್ಲಿ ಹಗುರವಾಗಿ ಉಜ್ಜಿ. ಅಲ್ಲಿಗೆ ಮೆಷಿನ್ ಹೇಗೂ ಹೋಗುವುದಿಲ್ಲ.