ಹಿಂದೆ ಕೂತವರಿಗೂ ಕೆಲಸವಿದೆ

ತೀರ್ಥಹಳ್ಳಿ ತಾಲ್ಲೂಕಿನ ಓದುಗರೊಬ್ಬರ ಪತ್ರ: "ಮಳೆಗಾಲದಲ್ಲಿ ಬೈಕ್ ಓಡಿಸುವುದರ ಬಗ್ಗೆ ಕಳೆದ ಸಂಚಿಕೆಯಲ್ಲಿ ಬಂದ ಲೇಖನ ಓದಿದೆ. ಎಲ್ಲವೂ ಹ್ಯಾಂಡಲ್ ಹಿಡಿದವರಿಗೇ ಇತ್ತು. ನಾನು ಶಾಲಾ ಶಿಕ್ಷಕಿ. ದಿನಾ ಸೀರೆ ಉಟ್ಟು, ಎರಡೂ ಕಾಲು ಒಂದೇ ಕಡೆ ಹಾಕಿ ನಮ್ಮ ಮನೆಯವರ ಹಿಂದೆ ಕೂತು ಹೋಗುತ್ತೇನೆ. ಹಂಪ್ ಬಂದಾಗಲೆಲ್ಲ ಜೀವ ಬಾಯಿಗೆ ಬರುತ್ತದೆ. ಹಬ್ಬಕ್ಕೆ ಆಗುಂಬೆ ಇಳಿದು ಉಡುಪಿಗೆ ಹೋಗುವಾಗ ಐದು ವರ್ಷದ ಮಗಳೂ ನಡುವೆ ಇರುತ್ತಾಳೆ. ಹೆದರಿಕೆ ಆಗುತ್ತದೆ ಎಂದರೆ 'ನೀನು ಸುಮ್ನೆ ಕೂತ್ಕೋ, ಓಡಿಸೋನು ನಾನಲ್ವಾ' ಅಂತಾರೆ. ಹಿಂದೆ ಕೂತವರು ಏನು ಮಾಡಬೇಕು? ನಮಗೇನಾದರೂ ಆದರೆ ವಿಮೆ ಸಿಗುತ್ತದಾ?"

ನಿಮ್ಮ ಪತ್ರಕ್ಕೆ ನಾಲ್ಕು ಸಾಲಿನ ಉತ್ತರ ಸಾಲದು. ಈ ಪುಟವನ್ನು ನಿಮ್ಮ ಮನೆಯವರೂ ಓದಲಿ ಎಂಬ ಆಸೆ ನನ್ನದು.

ಮೊದಲು ಅವರ ಮಾತನ್ನೇ ತೆಗೆದುಕೊಳ್ಳೋಣ. ಹಿಂದೆ ಅಕ್ಕಿ ಮೂಟೆ ಕಟ್ಟಿದರೆ ಅದು ಕಟ್ಟಿದಲ್ಲೇ ಇರುತ್ತದೆ. ಮನುಷ್ಯರು ಹಾಗಿರುವುದಿಲ್ಲ. ಬ್ರೇಕ್ ಹಾಕಿದರೆ ಮುಂದೆ ಜಾರುತ್ತಾರೆ, ವೇಗ ಹೆಚ್ಚಿಸಿದರೆ ಹಿಂದೆ ವಾಲುತ್ತಾರೆ, ತಿರುವಿನಲ್ಲಿ ಹೆದರಿ ಇನ್ನೊಂದು ಬದಿಗೆ ಬಾಗುತ್ತಾರೆ. ನೀವು ಮಾಡುವ ಪ್ರತಿಯೊಂದು ಚಲನೆಯೂ ಹ್ಯಾಂಡಲ್‌ಗೆ ಗೊತ್ತಾಗುತ್ತದೆ. ಆದ್ದರಿಂದ ಆ ಬೈಕನ್ನು ನೀವಿಬ್ಬರೂ ಸೇರಿ ಓಡಿಸುತ್ತಿದ್ದೀರಿ. ಹೆದರಿಕೆ ಆದರೆ ಹೇಳುವುದು ನಿಮ್ಮ ಹಕ್ಕು. ಕೇಳಿ ನಿಧಾನ ಮಾಡುವುದು ಅವರ ಕೆಲಸ.

ಇನ್ನು ಒಂದೇ ಕಡೆ ಕಾಲು ಹಾಕಿ ಕೂರುವ ವಿಚಾರ. ನಮ್ಮಲ್ಲಿ ಲಕ್ಷಾಂತರ ಹೆಂಗಸರು ಹೀಗೇ ಕೂರುತ್ತಾರೆ. ಬೈಕಿನ ಎಡಗಡೆ ಸೀರೆ ಗಾರ್ಡ್ ಇರುವುದೂ ಇದೇ ಕಾರಣಕ್ಕೆ. ಹಿಂದೆ ಕೂತವರಿಗೆ ಹಿಡಿಕೆ, ಕಾಲಿಡಲು ಜಾಗ, ಬಟ್ಟೆ ಚಕ್ರಕ್ಕೆ ಸಿಕ್ಕದಂತೆ ಹಿಂದಿನ ಚಕ್ರದ ಅರ್ಧಕ್ಕಾದರೂ ಮರೆ ಇರಬೇಕು ಅನ್ನುತ್ತದೆ 1989ರ ಕೇಂದ್ರ ಮೋಟಾರು ವಾಹನ ನಿಯಮ. ಅಂದ ಕೆಡುತ್ತದೆ ಅಂತ ಹುಡುಗರು ಗಾರ್ಡ್ ಬಿಚ್ಚಿಸುವುದನ್ನು ನೋಡಿದಾಗ ನನಗೆ ಸಂಕಟವಾಗುತ್ತದೆ. ಒಂದು ಸೆರಗು, ಒಂದು ದುಪಟ್ಟಾ ಚಕ್ರಕ್ಕೆ ಸುತ್ತಿಕೊಂಡರೆ ಕುತ್ತಿಗೆಗೇ ಬರುತ್ತದೆ.

ಹಾಗೆ ಕೂತಾಗ ದೊಡ್ಡ ತೊಂದರೆ ಅಂದರೆ ತೊಡೆಯಿಂದ ಸೀಟನ್ನು ಅಪ್ಪಿ ಹಿಡಿಯಲು ಆಗುವುದಿಲ್ಲ. ಎರಡೂ ಕಡೆ ಕಾಲು ಹಾಕಿ ಕೂತವರು ಹಂಪ್‌ನಲ್ಲಿ ಎಗರಿದರೂ ಸಾಮಾನ್ಯವಾಗಿ ಮತ್ತೆ ಸೀಟಿನ ಮೇಲೇ ಬೀಳುತ್ತಾರೆ. ಒಂದೇ ಕಡೆ ಕೂತವರು ಜಾರಿ ರಸ್ತೆಗೆ ಬೀಳಬಹುದು. ಹಾಗಾಗಿ ಚೂಡಿದಾರ್ ಹಾಕಿ ಎರಡೂ ಕಡೆ ಕಾಲು ಹಾಕಿ ಕೂರಲು ಸಾಧ್ಯವಾದರೆ ಅದೇ ಒಳ್ಳೆಯದು. ಸೀರೆಯೇ ಆಗಬೇಕಿದ್ದರೆ ಸೆರಗನ್ನು ಸುತ್ತಿ ತಂದು ಸೊಂಟಕ್ಕೆ ಬಿಗಿಯಾಗಿ ಸಿಕ್ಕಿಸಿ. ಬಲಗೈ ಅವರ ಸೊಂಟದ ಸುತ್ತ ಇರಲಿ, ಎಡಗೈ ಹಿಂದಿನ ಹಿಡಿಕೆಯ ಮೇಲಿರಲಿ. ಎರಡೂ ಪಾದ ಗಟ್ಟಿಯಾಗಿ ಊರಿರಲಿ, ಒಂದು ಪಾದ ಗಾಳಿಯಲ್ಲಿ ತೂಗಾಡುವುದು ಬೇಡ. ಬ್ಯಾಗನ್ನು ಅಡ್ಡಲಾಗಿ ಹೆಗಲಿಗೆ ಹಾಕಿಕೊಂಡರೆ ಕೈ ಎರಡೂ ಬಿಡುವಾಗಿರುತ್ತವೆ. ಹಾಗೆ ಕೂತು ಮಡಿಲಲ್ಲಿ ಕೂಸನ್ನು ಹಿಡಿದುಕೊಳ್ಳುವುದಂತೂ ಬೇಡವೇ ಬೇಡ. ಕೂಸು ಹಿಡಿದ ಕೈ ಬೇರೇನನ್ನೂ ಹಿಡಿಯಲಾರದು.

ನಿಮ್ಮ ಊರು ಮಲೆನಾಡು, ಅದಕ್ಕೇ ಕೊಡೆಯ ಬಗ್ಗೆ ಒತ್ತಿ ಹೇಳುತ್ತೇನೆ. ಓಡುವ ಬೈಕಿನಲ್ಲಿ ಕೊಡೆ ಬಿಚ್ಚಲೇಬಾರದು. ಎದುರು ಗಾಳಿಗೆ ಕೊಡೆ ಕೈಯನ್ನೂ ಮೈಯನ್ನೂ ಹಿಂದಕ್ಕೆ ಎಳೆಯುತ್ತದೆ. ಇನ್ನೊಂದು ಕೈಯ ಹಿಡಿತ ತಪ್ಪಿದರೆ ಮುಗಿಯಿತು. ಇದರಿಂದ ಬಿದ್ದು ಸತ್ತವರ ಸುದ್ದಿ ಮಳೆಗಾಲದಲ್ಲಿ ಪತ್ರಿಕೆಗಳಲ್ಲಿ ಬರುತ್ತಲೇ ಇರುತ್ತದೆ. ಇಬ್ಬರಿಗೂ ರೇನ್‌ಕೋಟ್ ಇರಲಿ. ಇಲ್ಲದ ದಿನ ಬಸ್‌ಸ್ಟಾಪಿನಲ್ಲಿ ನಿಂತು ಮಳೆ ಕಡಿಮೆಯಾಗಲು ಬಿಡಿ. ಶಾಲೆಗೆ ಹತ್ತು ನಿಮಿಷ ತಡವಾದರೆ ಏನೂ ಆಗುವುದಿಲ್ಲ.

ಹೆಲ್ಮೆಟ್ ಬಗ್ಗೆ ನೀವು ಕೇಳಿಲ್ಲ, ಆದರೂ ಹೇಳಬೇಕು. ಹಿಂದಿನ ಸವಾರರಿಗೂ ಹೆಲ್ಮೆಟ್ ಕಡ್ಡಾಯವೆಂದು ಕರ್ನಾಟಕದಲ್ಲಿ ಬಿಗಿ ಮಾಡಿದ್ದು 2016ರ ಜನವರಿಯಲ್ಲಿ. 2019ರ ತಿದ್ದುಪಡಿಯ ನಂತರ ಕಾನೂನಿನಲ್ಲಿ ನಾಲ್ಕು ವರ್ಷ ದಾಟಿದ ಪ್ರತಿಯೊಬ್ಬರೂ ಎಂದಿದೆ, ಅಂದರೆ ನಿಮ್ಮ ಮಗಳೂ ಸೇರಿದಳು. ಆದರೆ ಎಷ್ಟೋ ಮನೆಗಳಲ್ಲಿ ಓಡಿಸುವವರಿಗೆ ಒಳ್ಳೆಯ ಹೆಲ್ಮೆಟ್, ಹಿಂದೆ ಕೂರುವವರಿಗೆ ಪೊಲೀಸರಿಗೆ ತೋರಿಸಲು ಒಂದು ತೆಳು ಟೋಪಿ. ಇದು ನನಗೆ ತಡೆಯಲಾಗದ ವಿಷಯ. ಕೇಂದ್ರ ಸಾರಿಗೆ ಇಲಾಖೆಯ ಲೆಕ್ಕದಂತೆ 2022ರಲ್ಲಿ ಹೆಲ್ಮೆಟ್ ಇಲ್ಲದೆ ದೇಶದಲ್ಲಿ ಸತ್ತವರು 50,029 ಜನ. ಅವರಲ್ಲಿ 14,337 ಮಂದಿ ಹಿಂದೆ ಕೂತವರು. ಐಎಸ್‌ಐ ಗುರುತಿರುವ, ಕಿವಿ ಮುಚ್ಚುವ ಹೆಲ್ಮೆಟ್ ನಿಮ್ಮ ತಲೆಯ ಅಳತೆಗೇ ತೆಗೆದುಕೊಳ್ಳಿ. ತುರುಬು ಎತ್ತರಕ್ಕೆ ಕಟ್ಟಿದರೆ ಹೆಲ್ಮೆಟ್ ಸರಿಯಾಗಿ ಕೂರುವುದಿಲ್ಲ, ಜಡೆ ಕೆಳಗೆ ಹಾಕಿ. ಮಲ್ಲಿಗೆಯನ್ನು ಇಳಿದ ಮೇಲೆ ಮುಡಿದರಾಯಿತು. ಪಟ್ಟಿ ಹಾಕದಿದ್ದರೆ ಹೆಲ್ಮೆಟ್ ಹಾಕಿಯೂ ಹಾಕದ ಲೆಕ್ಕ, ನೀವು ಬೀಳುವ ಮುಂಚೆಯೇ ಅದು ಹಾರಿಹೋಗುತ್ತದೆ.

ಇಲ್ಲಿಂದ ಮುಂದಿನದು ನಿಮ್ಮ ಮನೆಯವರಿಗೆ. ಇಬ್ಬರು ಕೂತಾಗ ಭಾರ ಹಿಂದಕ್ಕೆ ಹೋಗುತ್ತದೆ, ಮುಂದಿನ ಚಕ್ರ ಹಗುರಾಗುತ್ತದೆ. ಅದಕ್ಕೇ ಹಿಂದಿನ ಟೈರಿಗೆ ಕಂಪನಿಯವರು ಎರಡು ಅಂಕಿ ಕೊಟ್ಟಿರುತ್ತಾರೆ, ಒಬ್ಬರಿದ್ದಾಗ ಒಂದು, ಇಬ್ಬರಿದ್ದಾಗ ಇನ್ನೊಂದು. ಬೈಕಿನ ಮೇಲಿನ ಸ್ಟಿಕ್ಕರ್‌ನಲ್ಲೋ ಕೈಪಿಡಿಯಲ್ಲೋ ಅದು ಇರುತ್ತದೆ. ದಿನಾ ಇಬ್ಬರೇ ಹೋಗುವವರಾದರೆ ಎರಡನೇ ಅಂಕಿಯಷ್ಟೇ ಗಾಳಿ ಹಾಕಿಸಿ. ಹಿಂದಿನ ಶಾಕ್ ಅಬ್ಸಾರ್ಬರ್‌ಗೆ ಬಿಗಿ ಮಾಡುವ ಹಂತಗಳಿದ್ದರೆ ಮೆಕ್ಯಾನಿಕ್ ಹತ್ತಿರ ಒಂದೆರಡು ಹಂತ ಏರಿಸಿಕೊಳ್ಳಿ. ನಿಮ್ಮ ಹೆಂಡತಿ ಹಂಪ್‌ಗೆ ಎಗರುವುದು ಇದರಿಂದಲೇ ಎಷ್ಟೋ ಕಡಿಮೆಯಾಗುತ್ತದೆ.

ಬ್ರೇಕ್ ಮೊದಲಿಗಿಂತ ಬೇಗ ಶುರು ಮಾಡಿ, ಮುಂದಿನದು ಹಿಂದಿನದು ಎರಡನ್ನೂ ಒಟ್ಟಿಗೆ, ನಿಧಾನವಾಗಿ ಒತ್ತುತ್ತಾ ಹೋಗಿ. 40 ಕಿಲೋಮೀಟರ್ ವೇಗದಲ್ಲಿ ಬೈಕ್ ಒಂದು ಸೆಕೆಂಡಿಗೆ 11 ಮೀಟರ್ ಹೋಗುತ್ತದೆ. ನಿಮ್ಮ ಕೈ ಲಿವರ್‌ಗೆ ಹೋಗುವಷ್ಟರಲ್ಲೇ ಅಷ್ಟು ದೂರ ಮುಗಿದಿರುತ್ತದೆ. ಮುಂದಿನ ವಾಹನದಿಂದ ಜಾಸ್ತಿ ಜಾಗ ಬಿಡಿ. ಹಂಪ್ ಕಂಡರೆ "ಹಂಪ್" ಅಂತ ಕೂಗಿ ಹೇಳಿ. ಬಣ್ಣ ಬಳಿಯದ ಹಂಪ್‌ಗಳು ನಮ್ಮ ಹಳ್ಳಿ ರಸ್ತೆಗಳಲ್ಲಿ ಎಷ್ಟಿವೆ ಅಂತ ನಿಮಗೇ ಗೊತ್ತು. ಹತ್ತುವಾಗ ಇಳಿಯುವಾಗ ಎರಡೂ ಕಾಲು ನೆಲಕ್ಕೆ ಊರಿ, ಮುಂದಿನ ಬ್ರೇಕ್ ಹಿಡಿದಿರಿ. ನೀವು "ಹೂಂ" ಅನ್ನುವವರೆಗೆ ಅವರು ಹತ್ತದಿರಲಿ, ಅವರು "ಹೂಂ" ಅನ್ನುವವರೆಗೆ ನೀವು ಹೊರಡಬೇಡಿ.

ಘಾಟಿ ಇಳಿಯುವಾಗ ಪೆಟ್ರೋಲ್ ಉಳಿಸಲು ಇಂಜಿನ್ ಆಫ್ ಮಾಡುವವರು, ನ್ಯೂಟ್ರಲ್ ಹಾಕುವವರು ಇದ್ದಾರೆ. ದಯವಿಟ್ಟು ಮಾಡಬೇಡಿ. ಕಡಿಮೆ ಗೇರಿನಲ್ಲಿ ಇಳಿದರೆ ಇಂಜಿನ್ನೇ ಬೈಕನ್ನು ಹಿಡಿದಿಡುತ್ತದೆ, ಬ್ರೇಕ್ ಕಾಯುವುದಿಲ್ಲ. ವೇಗವನ್ನು ತಿರುವಿಗೆ ಮೊದಲೇ ಇಳಿಸಿ, ತಿರುವಿನ ನಡುವೆ ಗಕ್ಕನೆ ಬ್ರೇಕ್ ಬೇಡ. ಮೇಡಂ, ಆಗ ನಿಮ್ಮ ಕೆಲಸ ಇಷ್ಟೇ: ಹತ್ತಿರ ಕೂತು, ಬೈಕ್ ಬಾಗಿದ ಕಡೆಗೇ ಮೈ ಬಿಡುವುದು. ಎಡ ತಿರುವಿನಲ್ಲಿ ಅವರ ಎಡ ಭುಜದ ಮೇಲಿಂದ, ಬಲ ತಿರುವಿನಲ್ಲಿ ಬಲ ಭುಜದ ಮೇಲಿಂದ ರಸ್ತೆ ನೋಡಿ. ಮೈ ತಾನಾಗಿ ಸರಿಯಾದ ಕಡೆಗೆ ಬಾಗುತ್ತದೆ. ಒಂದೇ ಕಡೆ ಕೂತು ಇದನ್ನು ಮಾಡುವುದು ಕಷ್ಟ. ಆದ್ದರಿಂದ ಘಾಟಿಯ ದಿನವಾದರೂ ಸೀರೆ ಬೇಡ. ಹೆಲ್ಮೆಟ್ ಒಳಗೆ ಮಾತು ಕೇಳಿಸದು. ಹೆಗಲಿಗೆ ಒಮ್ಮೆ ತಟ್ಟಿದರೆ ನಿಧಾನ, ಎರಡು ಸಲ ತಟ್ಟಿದರೆ ನಿಲ್ಲಿಸು ಅಂತ ಮನೆಯಲ್ಲೇ ಮಾತಾಡಿಕೊಳ್ಳಿ.

ಮಗಳ ವಿಷಯದಲ್ಲಿ ನನ್ನ ಉತ್ತರ ನಿಮಗೆ ಇಷ್ಟವಾಗಲಿಕ್ಕಿಲ್ಲ. ಮೋಟಾರು ವಾಹನ ಕಾಯ್ದೆಯ 128ನೇ ಸೆಕ್ಷನ್ ಪ್ರಕಾರ ಓಡಿಸುವವರ ಜೊತೆ ಒಬ್ಬರೇ ಇರಬೇಕು. ಕಾನೂನು ಹಾಗಿರಲಿ, ಮಗು ನಡುವೆ ಕೂತರೆ ನೀವು ಸೀಟಿನ ತುದಿಗೆ, ಹಿಡಿಕೆಯ ಮೇಲೆ ಹೋಗುತ್ತೀರಿ. ಮಗುವಿನ ಕಾಲಿಗೆ ಊರಲು ಜಾಗವಿಲ್ಲ. ಟ್ಯಾಂಕ್ ಮೇಲೆ ಕೂರಿಸುವುದು ಇನ್ನೂ ಕೆಟ್ಟದ್ದು, ಜೋರಾಗಿ ಬ್ರೇಕ್ ಹಾಕಿದರೆ ಮುಖ ಹ್ಯಾಂಡಲ್‌ಗೆ ಬಡಿಯುತ್ತದೆ. ಆಗುಂಬೆ ಘಾಟಿಯಲ್ಲಿ ಮಿನಿ ಬಸ್ಸುಗಳು ಓಡಾಡುತ್ತವೆ. ಹಬ್ಬದ ದಿನ ನೀವೂ ಮಗಳೂ ಬಸ್ಸಿನಲ್ಲಿ ಹೋಗಿ, ಅವರು ಬೈಕಿನಲ್ಲಿ ಬರಲಿ. ಊರೊಳಗೆ ಮಗಳೊಬ್ಬಳೇ ಅಪ್ಪನ ಹಿಂದೆ ಕೂರುವುದಾದರೆ ಕಾಲು ಫುಟ್‌ರೆಸ್ಟ್ ಮುಟ್ಟುತ್ತದಾ ನೋಡಿ. ಮುಟ್ಟದಿದ್ದರೆ ಇನ್ನೂ ಸ್ವಲ್ಪ ದಿನ ಕಾಯಿರಿ. ಓದುಗರಲ್ಲಿ ನಾಲ್ಕು ವರ್ಷದೊಳಗಿನ ಮಕ್ಕಳಿರುವವರೂ ಗಮನಿಸಿ: 2022ರಲ್ಲಿ ಬಂದ ನಿಯಮದಂತೆ ಅಂಥ ಮಗುವನ್ನು ಓಡಿಸುವವರಿಗೆ ಬೆಲ್ಟಿನಿಂದ ಬಿಗಿದಿರಬೇಕು, ವೇಗ 40 ಕಿಲೋಮೀಟರ್ ದಾಟಬಾರದು.

ವಿಮೆಯ ಪ್ರಶ್ನೆ ಬಹಳ ಮುಖ್ಯವಾದದ್ದು. ನಿಮ್ಮದು ಬರೀ ಥರ್ಡ್ ಪಾರ್ಟಿ ಪಾಲಿಸಿ, ಅಂದರೆ ಹೊರಗಿನವರಿಗೆ ಆದ ಹಾನಿಗೆ ಮಾತ್ರ ಇರುವ ವಿಮೆ ಆಗಿದ್ದರೆ, ನಿಮ್ಮ ಬೈಕೇ ಜಾರಿ ಬಿದ್ದು ಹಿಂದೆ ಕೂತ ನಿಮಗೆ ಪೆಟ್ಟಾದಾಗ ಕಂಪನಿ ಪರಿಹಾರ ಕೊಡಬೇಕಾಗಿಲ್ಲ. ಸುಪ್ರೀಂ ಕೋರ್ಟ್ 2006ರಲ್ಲೇ ಹೀಗೆ ಹೇಳಿದೆ. ಎದುರಿನ ವಾಹನದ ತಪ್ಪಿದ್ದರೆ ಆ ವಾಹನದ ವಿಮೆಯಿಂದ ಕೇಳಬಹುದು. ಮನೆಯಲ್ಲಿರುವ ಪಾಲಿಸಿ ಕಾಗದ ತೆಗೆದು, ಹಿಂದಿನ ಸವಾರರಿಗೆ ಅಪಘಾತ ವಿಮೆ ಸೇರಿದೆಯಾ ನೋಡಿ. ಸೇರಿಲ್ಲದಿದ್ದರೆ ನವೀಕರಣದ ಹೊತ್ತಿಗೆ ಏಜೆಂಟರನ್ನು ಕೇಳಿ ಸೇರಿಸಿಕೊಳ್ಳಿ. ಹೆಚ್ಚಿಗೆ ಕಟ್ಟಬೇಕಾದ ಹಣ ದೊಡ್ಡದೇನಲ್ಲ.