ಕಿಲ್ಟ್‌ಗೆ ಯಾವ ಟಾರ್ಟನ್, ಅದರ ಮೇಲೆ ಯಾವ ವೇಸ್ಟ್‌ಕೋಟ್?

ಎಡಿನ್‌ಬರೋಗೆ ಬಂದು ಇನ್ನೂ ವರ್ಷ ತುಂಬಿಲ್ಲ, ಜೊತೆಗೆ ಕೆಲಸ ಮಾಡುವ ಗೆಳೆಯನ ಮದುವೆ ಸೆಪ್ಟೆಂಬರಿನಲ್ಲಿದೆ, ಇಲ್ಲಿನ ಗಂಡಸರು ಸೊಂಟಕ್ಕೆ ಉಡುವ ನೆರಿಗೆಯ ಉಡುಪಾದ ಕಿಲ್ಟನ್ನು ಬಾಡಿಗೆಗೆ ತರುವ ಬದಲು ಸ್ವಂತದ್ದೇ ಹೊಲಿಸುವ ಆಸೆ ಎಂದು ಬರೆದಿದ್ದೀರಿ. ಟಾರ್ಟನ್ ಎಂಬ ಚೌಕಳಿ ಬಟ್ಟೆಗೆ ಇಲ್ಲಿನ ಮನೆತನಗಳ ಹೆಸರಿರುತ್ತದೆ, ಯಾವ ಮನೆತನಕ್ಕೂ ಸೇರದ ನಮ್ಮಂಥವರು ಯಾವುದನ್ನು ಉಡಬಹುದು? ಯಾರಾದರೂ ಬೇಜಾರು ಮಾಡಿಕೊಳ್ಳುತ್ತಾರಾ? ಅಂಗಡಿಯವರು ಅದೇ ಟಾರ್ಟನ್ನಿನ ವೇಸ್ಟ್‌ಕೋಟ್ ಕೂಡ, ಅಂದರೆ ಜಾಕೆಟ್ ಒಳಗೆ ತೊಡುವ ತೋಳಿಲ್ಲದ ಕೋಟು, ತೋರಿಸುತ್ತಿದ್ದಾರೆ, ತಗೊಳ್ಳಲಾ? ಇವು ನಿಮ್ಮ ಪ್ರಶ್ನೆಗಳು.

ಖಂಡಿತ ಹೊಲಿಸಿ. ನಾನು ಇಲ್ಲಿ ನೆಲೆಸಿ ಬಹಳ ವರ್ಷವಾಯಿತು. ನಮ್ಮವರು ಕಿಲ್ಟ್ ಉಟ್ಟು ಬಂದರೆ ಇಲ್ಲಿನವರಿಗೆ ಖುಷಿಯೇ ಆಗುತ್ತದೆ. ವಯಸ್ಸಾದವರು ಹತ್ತಿರ ಬಂದು "ಇದು ಯಾವ ಟಾರ್ಟನ್?" ಎಂದು ಕೇಳುತ್ತಾರೆ. ಆ ಪ್ರಶ್ನೆಗೆ ನಿಮ್ಮ ಹತ್ತಿರ ಒಂದು ಉತ್ತರ ಇರಬೇಕು. ಅಷ್ಟಿದ್ದರೆ ಸಾಕು.

ಮೊದಲು ಹಕ್ಕಿನ ವಿಷಯ. ಇಂಥ ಟಾರ್ಟನ್ ಇಂಥವರೇ ಉಡಬೇಕು ಅಂತ ಕಾನೂನು ಇಲ್ಲ. 2008ರ ಒಂದು ಕಾಯ್ದೆಯ ಪ್ರಕಾರ ಸ್ಕಾಟ್ಲೆಂಡಿನಲ್ಲಿ ಟಾರ್ಟನ್‌ಗಳ ಸರ್ಕಾರಿ ನೋಂದಣಿ ಪುಸ್ತಕ ಶುರುವಾಗಿದೆ. ಅದು ವಿನ್ಯಾಸವನ್ನು ದಾಖಲಿಸುತ್ತದೆ. ನಿಮ್ಮ ಬೀರು ತೆಗೆದು ನೋಡಲು ಯಾರೂ ಬರುವುದಿಲ್ಲ. ಪದ್ಧತಿಯಿಂದ ದೂರ ಇಡುವಂಥವು ಕೆಲವು ಇವೆ. ಬಾಲ್ಮೋರಲ್ ಟಾರ್ಟನ್ ರಾಜಮನೆತನದ್ದು, ಅದನ್ನು ಮುಟ್ಟಬೇಡಿ. ಗೆಳೆಯನ ಮನೆತನದ ಟಾರ್ಟನ್ ಇಷ್ಟವಾದರೆ ಒಂದು ಮಾತು ಅವನನ್ನೇ ಕೇಳಿ. ಮದುವೆಯಲ್ಲಿ ವರ ಮತ್ತು ಅವನ ಜೊತೆಗಾರರು ಒಂದೇ ಟಾರ್ಟನ್ ಉಡುವುದುಂಟು. ಅತಿಥಿಗಳು ಅವರ ಗುಂಪಿನಂತೆ ಕಾಣುವುದು ಅಷ್ಟು ಸರಿಯಲ್ಲ.

ಮನೆತನಕ್ಕೊಂದು ಟಾರ್ಟನ್ ಅನ್ನೋದು ಅನಾದಿ ಕಾಲದ್ದು ಅಂತ ತುಂಬಾ ಜನ ನಂಬಿದ್ದಾರೆ. ಹಾಗೇನಿಲ್ಲ. 1746ರಲ್ಲಿ ದೊರೆಯ ವಿರುದ್ಧ ದಂಗೆಯೆದ್ದವರು ಕಲ್ಲೋಡೆನ್ ಯುದ್ಧ ಸೋತ ಮೇಲೆ, ಉತ್ತರದ ಗುಡ್ಡಗಾಡಾದ ಹೈಲ್ಯಾಂಡ್ ಕಡೆಯ ಗಂಡಸರು ತಮ್ಮ ಉಡುಪು ತೊಡಬಾರದು ಎಂದು ಕಾಯ್ದೆ ಬಂತು. ಸೈನ್ಯದಲ್ಲಿದ್ದವರಿಗೆ ಮಾತ್ರ ವಿನಾಯಿತಿ. ಅದು ರದ್ದಾಗಿದ್ದು 1782ರಲ್ಲಿ. ಆಮೇಲೆ ಬ್ಯಾನಕ್‌ಬರ್ನಿನ ವಿಲ್ಸನ್ ಎಂಬ ನೇಕಾರ ಮನೆತನ ಚೌಕಳಿಗಳನ್ನು ದೊಡ್ಡದಾಗಿ ನೇಯತೊಡಗಿತು. ತಮ್ಮ ಬಟ್ಟೆಗಳಿಗೆ ಊರಿನ ಹೆಸರು, ಮನೆತನದ ಹೆಸರು ಇಟ್ಟು ಮಾರಿದರು. 1822ರಲ್ಲಿ ದೊರೆ ನಾಲ್ಕನೇ ಜಾರ್ಜ್ ಎಡಿನ್‌ಬರೋಗೆ ಬಂದಾಗ ಕಾದಂಬರಿಕಾರ ವಾಲ್ಟರ್ ಸ್ಕಾಟ್ ಉಸ್ತುವಾರಿಯಲ್ಲಿ ಊರಿಗೆ ಊರೇ ಟಾರ್ಟನ್ ತೊಟ್ಟಿತು. ಇವತ್ತು ನಾವು ನೋಡುವ ಪದ್ಧತಿ ಬಹುಮಟ್ಟಿಗೆ ಆ ಕಾಲದಲ್ಲಿ ಗಟ್ಟಿಯಾದದ್ದು. ಆದ್ದರಿಂದ ಊರಿನ ಹೆಸರಿನ ಟಾರ್ಟನ್ ಉಟ್ಟರೆ ಅದು ಹೊರಗಿನವರಿಗೆ ಕೊಟ್ಟ ಎರಡನೇ ದರ್ಜೆಯ ಆಯ್ಕೆ ಅಂದುಕೊಳ್ಳಬೇಡಿ. ಅದಕ್ಕೂ ಅಷ್ಟೇ ಹಳೆಯ ಬೇರು ಇದೆ.

ನನ್ನ ಸಲಹೆ ಅದೇ: ನೀವು ಬದುಕುತ್ತಿರುವ ಊರಿನ ಟಾರ್ಟನ್ ಮೊದಲು ನೋಡಿ. ಎಡಿನ್‌ಬರೋಗೆ ಒಂದಿದೆ, 1970ರ ಕಾಮನ್‌ವೆಲ್ತ್ ಕ್ರೀಡಾಕೂಟದ ಹೊತ್ತಿಗೆ ಮಾಡಿದ್ದು. ಗ್ಲಾಸ್ಗೋ, ಅಬರ್ಡೀನ್, ಡಂಡೀ, ಫೈಫ್‌ಗಳಿಗೂ ಇವೆ. "ನಾನು ಈ ಊರಿನವನು, ಇದು ಈ ಊರಿನದು" ಎಂದರೆ ಯಾರೂ ಇನ್ನೊಂದು ಮಾತು ಕೇಳುವುದಿಲ್ಲ. ಬಣ್ಣ ಹಿಡಿಸದಿದ್ದರೆ ಎಲ್ಲರಿಗೂ ತೆರೆದಿರುವ ಟಾರ್ಟನ್‌ಗಳಿಗೆ ಬನ್ನಿ. ಕಡು ನೀಲಿ, ಹಸಿರು, ಕಪ್ಪು ಸೇರಿದ ಬ್ಲ್ಯಾಕ್ ವಾಚ್. ಹಸಿರು ಮೈಯಲ್ಲಿ ಸಣ್ಣ ಕೆಂಪು, ಹಳದಿ ಗೆರೆ ಓಡುವ ಹಂಟಿಂಗ್ ಸ್ಟೂವರ್ಟ್. ಬೆಟ್ಟದ ಹೆದರ್ ಹೂವಿನ ನೇರಳೆ ಬಣ್ಣ ಹಸಿರಿನಲ್ಲಿ ಕಲೆತಂತಿರುವ ಐಲ್ ಆಫ್ ಸ್ಕೈ. ಈ ಮೂರನೆಯದು ನನಗೆ ಬಹಳ ಇಷ್ಟ. ಕೆಂಪು ರಾಯಲ್ ಸ್ಟೂವರ್ಟ್ ಹೆಸರಿಗೆ ರಾಜರದು, ಆದರೆ ಎಲ್ಲರೂ ಉಡುತ್ತಾರೆ. ಬಿಸ್ಕತ್ ಡಬ್ಬಿಯ ಮೇಲೂ ಅದೇ ಇರುತ್ತದೆ, ಹಾಗಾಗಿ ಮೊದಲ ಕಿಲ್ಟ್‌ಗೆ ನಾನು ಅದನ್ನು ಹೇಳುವುದಿಲ್ಲ. ಇಲ್ಲಿ ನೆಲೆಸಿದ ಸಿಖ್ಖರಿಗೆ ಸಿಂಗ್ ಎಂಬ ಟಾರ್ಟನ್ನೇ ಇದೆ. ಕನ್ನಡಿಗರದ್ದೂ ಒಂದು ನೋಂದಣಿಯಾಗಲಿ ಅಂತ ನನಗೆ ನಿಜವಾಗಿ ಆಸೆಯಿದೆ. ಆದರೆ ಹೊಸ ವಿನ್ಯಾಸ ನೇಯಿಸುವುದಕ್ಕೆ ಸಮಯ, ದುಡ್ಡು ಎರಡೂ ಜಾಸ್ತಿ ಬೇಕು. ಸೆಪ್ಟೆಂಬರಿಗೆ ಅದು ಆಗದ ಮಾತು.

ಮೆಕೆಂಝಿ ಟಾರ್ಟನ್ ಬಗ್ಗೆ ಒಂದು ಮಾತು. ಬ್ಲ್ಯಾಕ್ ವಾಚ್ ಚೌಕಳಿಗೆ ಬಿಳಿ, ಕೆಂಪು ಗೆರೆ ಸೇರಿಸಿದರೆ ಅದು. ನೋಡಲು ತುಂಬಾ ಚಂದ. ಮೆಕೆಂಝಿ ಮನೆತನದ ಲಾರ್ಡ್ ಮೆಕ್ಲೌಡ್ ಕಟ್ಟಿದ ಹೈಲ್ಯಾಂಡ್ ಪಡೆಯ ಒಂದು ಭಾಗ 1780ರಲ್ಲಿ ಪೊಳ್ಳಿಲೂರಿನಲ್ಲಿ ಹೈದರ್ ಮತ್ತು ಟಿಪ್ಪುವಿನ ಎದುರು ಸೋತ ಸೈನ್ಯದಲ್ಲಿತ್ತು. ಆ ಪಡೆಯ ಡೇವಿಡ್ ಬೈರ್ಡ್ ಶ್ರೀರಂಗಪಟ್ಟಣದಲ್ಲಿ ವರ್ಷಗಟ್ಟಲೆ ಸೆರೆಯಲ್ಲಿದ್ದ. 1799ರಲ್ಲಿ ಅದೇ ಕೋಟೆಗೆ ನುಗ್ಗಿದ ದಂಡಿನ ಮುಂದಾಳು ಅವನೇ. ಪರ್ತ್‌ಶೈರಿನ ಕ್ರೀಫ್ ಊರಿನ ಹತ್ತಿರ ಅವನ ನೆನಪಿನ ಕಂಬ ನಿಂತಿದೆ. ಉಡಬೇಡಿ ಎಂದು ಹೇಳುತ್ತಿಲ್ಲ. ಮೈಸೂರು ಕಡೆಯವರು ಅಂತ ಬರೆದಿದ್ದೀರಲ್ಲ, ಇಷ್ಟು ತಿಳಿದುಕೊಂಡೇ ಆರಿಸಿ.

ಹೆಸರು ಆರಿಸಿದ ಮೇಲೆ ಇನ್ನೊಂದು ಆಯ್ಕೆ ಇದೆ, ಹೊಸಬರಿಗೆ ಗೊತ್ತಾಗುವುದಿಲ್ಲ. ಒಂದೇ ಟಾರ್ಟನ್ ಬೇರೆ ಬೇರೆ ಛಾಯೆಯಲ್ಲಿ ಸಿಗುತ್ತದೆ. ಮಾಡರ್ನ್ ಎಂದರೆ ಗಾಢ ಬಣ್ಣ. ಏನ್ಶಿಯಂಟ್ ಎಂದರೆ ತಿಳಿಯಾದ, ಹಳೆ ಗಿಡಬಣ್ಣದಂಥದ್ದು. ವೆದರ್ಡ್ ಎಂದರೆ ಬಿಸಿಲು ಮಳೆಗೆ ಮಾಸಿದಂತೆ ಕಂದು, ಬೂದು. ಇಲ್ಲಿನ ಅಂಗಡಿಯವರು ತಮ್ಮ ಬಿಳಿ ಮೈಬಣ್ಣದ ಗಿರಾಕಿಗಳಿಗೆ ಹೇಳುವ ಸಲಹೆಯನ್ನೇ ನಮಗೂ ಹೇಳುತ್ತಾರೆ. ಅದು ನಮಗೆ ಕೂಡುವುದಿಲ್ಲ. ವೆದರ್ಡ್ ಛಾಯೆ ನಮ್ಮ ಮೈಬಣ್ಣದ ಪಕ್ಕ ಮಂಕಾಗುತ್ತದೆ. ಗಾಢ ನೀಲಿ, ಹಸಿರು, ದ್ರಾಕ್ಷಿ ಕೆಂಪು ನಮಗೆ ಚೆನ್ನಾಗಿ ಒಪ್ಪುತ್ತವೆ. ಬಟ್ಟೆ ತುಣುಕನ್ನು ಮುಖದ ಹತ್ತಿರ ಹಿಡಿದು ನೋಡಿ. ಅಂಗಡಿಯ ದೀಪದಲ್ಲಿ ಬೇಡ, ಹೊರಗೆ ಬಂದು ನೋಡಿ.

ಬಟ್ಟೆ ಉಣ್ಣೆಯದ್ದೇ ಇರಲಿ. ರಾಯಲ್ ಮೈಲ್ ಬೀದಿಯಲ್ಲಿ ಅಗ್ಗಕ್ಕೆ ನೇತು ಹಾಕಿರುವುದು ಪ್ರವಾಸಿಗರಿಗೆ. ಸರಿಯಾದ ಕಿಲ್ಟ್‌ಗೆ 8 ಗಜ ಬಟ್ಟೆ ಹೋಗುತ್ತದೆ, ಬಹುಪಾಲು ಹಿಂದಿನ ನೆರಿಗೆಗೇ. ತೂಕವನ್ನು ಔನ್ಸ್‌ನಲ್ಲಿ ಹೇಳುತ್ತಾರೆ. 16 ಔನ್ಸ್ ಒಳ್ಳೆಯದು. 13 ಔನ್ಸ್ ಕೂಡ ಪರವಾಗಿಲ್ಲ. ಅದಕ್ಕಿಂತ ತೆಳುವಾದರೆ ನೆರಿಗೆ ಕೂರುವುದಿಲ್ಲ, ಎಡಿನ್‌ಬರೋ ಗಾಳಿ ಗೊತ್ತಲ್ವಾ. ಕೈಹೊಲಿಗೆಯ ಕಿಲ್ಟ್‌ಗೆ 500 ಪೌಂಡಿಗಿಂತ ಮೇಲೆ ಇಟ್ಟುಕೊಳ್ಳಿ. ಜಾಸ್ತಿ ಅನಿಸಬಹುದು. ಆದರೆ ಹೊಟ್ಟೆ ಬಂದರೆ ಬಕಲ್ ಜರುಗಿಸಿ ಸರಿ ಮಾಡಬಹುದು, ನುಸಿ ಬೀಳದಂತೆ ಇಟ್ಟರೆ ಮಕ್ಕಳ ಕಾಲಕ್ಕೂ ಬರುತ್ತದೆ.

ಈಗ ವೇಸ್ಟ್‌ಕೋಟ್. ಇದನ್ನು ಕೊನೆಗೆ ನೆನಪಾದರೆ ಕೊಳ್ಳುವ ಸಾಮಾನು ಎಂದು ಅನೇಕರು ತಿಳಿದಿದ್ದಾರೆ. ಮದುವೆಯ ರಾತ್ರಿ ಕೇಲಿ ಎಂಬ ಇಲ್ಲಿನ ಗುಂಪು ಕುಣಿತ ಇರುತ್ತದೆ. ಸ್ಟ್ರಿಪ್ ದ ವಿಲ್ಲೋ ಎಂಬ ಕುಣಿತ ಒಂದು ಸುತ್ತು ಮುಗಿಯುವಷ್ಟರಲ್ಲಿ ಎಲ್ಲರ ಜಾಕೆಟ್ಟೂ ಕುರ್ಚಿಯ ಮೇಲೆ. ಆಮೇಲೆ ರಾತ್ರಿಯಿಡೀ ಜನ ನೋಡುವುದು ಕಿಲ್ಟ್ ಮತ್ತು ವೇಸ್ಟ್‌ಕೋಟ್ ಎರಡನ್ನೇ. ಫೋಟೋದಲ್ಲಿ ಉಳಿಯುವುದೂ ಅದೇ.

ಕರೆಯೋಲೆಯಲ್ಲಿ ಬ್ಲ್ಯಾಕ್ ಟೈ, ಅಂದರೆ ಸಂಜೆಯ ಔಪಚಾರಿಕ ಉಡುಪು, ಎಂದಿದ್ದರೆ ಯೋಚನೆಯೇ ಇಲ್ಲ. ಪ್ರಿನ್ಸ್ ಚಾರ್ಲಿ ಎಂಬ ಗಿಡ್ಡ ಜಾಕೆಟ್ ಹಾಕಬೇಕು, ಅದರ ಜೊತೆಗೆ 3 ಗುಂಡಿಯ ಕಪ್ಪು ವೇಸ್ಟ್‌ಕೋಟ್ ಬಂದೇ ಬರುತ್ತದೆ. ನೀವು ಹೋಗುವುದು ಮಧ್ಯಾಹ್ನದ ಮದುವೆಗೆ. ಹಾಗಾದರೆ ಆರ್ಗೈಲ್ ಎಂಬ ಸಾದಾ ಜಾಕೆಟ್ ಅಥವಾ ಟ್ವೀಡ್ ಎಂಬ ದಪ್ಪ ಉಣ್ಣೆ ಬಟ್ಟೆಯ ಜಾಕೆಟ್, ಉದ್ದ ಟೈ, 5 ಗುಂಡಿಯ ವೇಸ್ಟ್‌ಕೋಟ್. ಆಯ್ಕೆಯ ಪ್ರಶ್ನೆ ಬರುವುದು ಇಲ್ಲೇ.

ಅದೇ ಟಾರ್ಟನ್ನಿನ ವೇಸ್ಟ್‌ಕೋಟ್ ಬೇಡ ಅಂತಲೇ ನಾನು ಹೇಳುತ್ತೇನೆ. ಕಿಲ್ಟ್‌ನ ಚೌಕಳಿ, ವೇಸ್ಟ್‌ಕೋಟ್‌ನ ಚೌಕಳಿ ಸೊಂಟದ ಹತ್ತಿರ ಒಂದಕ್ಕೊಂದು ಕೂಡುವುದಿಲ್ಲ. ಗೆರೆಗಳು ಅಲ್ಲಿ ಮುರಿದಂತೆ ಕಾಣುತ್ತವೆ. ಕುತ್ತಿಗೆಯಿಂದ ಮೊಣಕಾಲಿನವರೆಗೆ ಬರೀ ಚೌಕಳಿಯಾದರೆ ಅಷ್ಟು ದುಡ್ಡು ಕೊಟ್ಟು ಹೊಲಿಸಿದ ಕಿಲ್ಟೇ ಕಾಣಿಸುವುದಿಲ್ಲ. ಆಸೆಯಿದ್ದರೆ ಕಿಲ್ಟ್ ಹೊಲಿಯುವವರ ಹತ್ತಿರ ಉಳಿದ ಬಟ್ಟೆ ಕೇಳಿ, ಮುಂದೆ ಯಾವಾಗಲಾದರೂ ಹೊಲಿಸಿಕೊಳ್ಳಿ. ಜನವರಿ 25ರಂದು ಕವಿ ರಾಬರ್ಟ್ ಬರ್ನ್ಸ್ ನೆನಪಿಗೆ ಮಾಡುವ ಬರ್ನ್ಸ್ ಊಟಕ್ಕೆ ಸಾದಾ ಪ್ಯಾಂಟಿನ ಮೇಲೆ ಅದು ತುಂಬಾ ಚೆನ್ನಾಗಿ ಕಾಣುತ್ತದೆ.

ಕಿಲ್ಟ್ ಮೇಲೆ ಒಂದೇ ಬಣ್ಣದ ಟ್ವೀಡ್ ವೇಸ್ಟ್‌ಕೋಟ್ ಹಾಕಿ. ಬಣ್ಣ ಆರಿಸುವುದಕ್ಕೆ ಬಟ್ಟೆಯನ್ನು ಕುರ್ಚಿಯ ಮೇಲೆ ಹರಡಿ, ಕೋಣೆಯ ಆ ತುದಿಗೆ ಹೋಗಿ ನೋಡಿ. ಹತ್ತಿರದಲ್ಲಿ ಬೇರೆ ಬೇರೆಯಾಗಿ ಕಾಣುವ ನೂಲುಗಳು ದೂರದಿಂದ ಕಲೆತು ಒಂದೇ ಬಣ್ಣವಾಗುತ್ತವೆ. ಬ್ಲ್ಯಾಕ್ ವಾಚ್ ಕಪ್ಪಿಗೆ ತಿರುಗುತ್ತದೆ. ಐಲ್ ಆಫ್ ಸ್ಕೈ ಬೂದು ನೇರಳೆಯಾಗುತ್ತದೆ. ಜನ ನಿಮ್ಮನ್ನು ನೋಡುವುದು ಆ ದೂರದಿಂದ. ಆ ಕಲೆತ ಬಣ್ಣಕ್ಕಿಂತ ಸ್ಪಷ್ಟವಾಗಿ ತಿಳಿಯಾದದ್ದೋ ಸ್ಪಷ್ಟವಾಗಿ ಗಾಢವಾದದ್ದೋ ಆರಿಸಿ. ಹತ್ತಿರ ಹತ್ತಿರ ಬಂದು ಕೂಡದ ಬಣ್ಣವೇ ಎಲ್ಲಕ್ಕಿಂತ ಕೆಟ್ಟದ್ದು. ಹಸಿರು ಕಿಲ್ಟ್ ಮೇಲೆ ಇನ್ನೊಂದು ತರಹದ ಹಸಿರು ಹಾಕಿದರೆ ತಪ್ಪಿ ತಂದಂತೆ ಕಾಣುತ್ತದೆ. ಬ್ಲ್ಯಾಕ್ ವಾಚ್‌ಗೆ ಬೂದು ಟ್ವೀಡ್ ಒಪ್ಪುತ್ತದೆ. ಹಂಟಿಂಗ್ ಸ್ಟೂವರ್ಟ್‌ನ ಹಳದಿ ಗೆರೆಯಿಂದ ಸಾಸಿವೆ ಬಣ್ಣ ಎತ್ತಿಕೊಳ್ಳಬಹುದು, ನಮ್ಮ ಮೈಬಣ್ಣಕ್ಕೆ ಅದು ಎಷ್ಟು ಒಪ್ಪುತ್ತದೆ ಅಂದರೆ ಹಾಕಿಯೇ ನೋಡಬೇಕು. ಐಲ್ ಆಫ್ ಸ್ಕೈಗೆ ತಿಳಿ ಬೂದು ಅಥವಾ ಕಂದು. ನೇರಳೆ ವೇಸ್ಟ್‌ಕೋಟ್ ಬೇಡ.

ದುಡ್ಡು ಸ್ವಲ್ಪ ಇದ್ದರೆ ಹ್ಯಾರಿಸ್ ಟ್ವೀಡ್ ನೋಡಿ. ಔಟರ್ ಹೆಬ್ರಿಡೀಸ್ ದ್ವೀಪಗಳ ಜನ ತಮ್ಮ ಮನೆಯಲ್ಲೇ ಮಗ್ಗದಲ್ಲಿ ನೇಯ್ದದ್ದಕ್ಕೆ ಮಾತ್ರ ಆ ಹೆಸರು ಸಲ್ಲುತ್ತದೆ, 1993ರ ಕಾಯ್ದೆಯೇ ಇದೆ. ಒಂದೇ ಬಣ್ಣದಂತೆ ಕಂಡರೂ ಒಳಗೆ ಹಲವು ಬಣ್ಣದ ನೂಲು ಇರುತ್ತದೆ. ಕಿಲ್ಟ್‌ನಲ್ಲಿರುವ ಬಣ್ಣದ ಒಂದು ಎಳೆ ಅದರಲ್ಲೂ ಸಿಕ್ಕರೆ ಎರಡೂ ತಾವಾಗಿ ಹೊಂದಿಕೊಳ್ಳುತ್ತವೆ.

ಹೊಲಿಗೆಯ ಬಗ್ಗೆಯೂ ಕೇಳಿ. ಊರಿಂದ ತಂದ ಸೂಟಿನ ವೇಸ್ಟ್‌ಕೋಟ್ ನಡೆಯುವುದಿಲ್ಲ. ಕಿಲ್ಟ್ ಪ್ಯಾಂಟಿಗಿಂತ ಮೇಲೆ, ಹೊಕ್ಕುಳದ ಹತ್ತಿರ ಕೂರುತ್ತದೆ. ಅದಕ್ಕೆ ವೇಸ್ಟ್‌ಕೋಟ್ ಗಿಡ್ಡ ಇರಬೇಕು, ಆದರೆ ಕಿಲ್ಟ್‌ನ ಪಟ್ಟಿ ಮತ್ತು ಬಕಲ್ ಮುಚ್ಚುವಷ್ಟು ಇರಬೇಕು. ಕೈ ಮೇಲೆತ್ತಿ ನೋಡಿ, ಮಧ್ಯೆ ಅಂಗಿ ಇಣುಕಿದರೆ ಅದು ನಿಮಗಲ್ಲ. ವೇಸ್ಟ್‌ಕೋಟ್ ಹಾಕಿದಾಗ ಸೊಂಟಕ್ಕೆ ಬೆಲ್ಟ್ ಬೇಡ, ಬಕಲ್ ಉಬ್ಬಿ ಕಾಣುತ್ತದೆ. 5 ಗುಂಡಿಯಲ್ಲಿ ಕೆಳಗಿನದು ಬಿಚ್ಚಿರಲಿ. ಬೆನ್ನಿನ ಕಡೆಯೂ ಟ್ವೀಡ್ ಇರುವುದನ್ನೇ ಕೇಳಿ ಪಡೆಯಿರಿ. ಬಹಳಷ್ಟು ವೇಸ್ಟ್‌ಕೋಟ್‌ಗಳಿಗೆ ಹಿಂದೆ ಹೊಳೆಯುವ ಲೈನಿಂಗ್ ಬಟ್ಟೆ ಇರುತ್ತದೆ. ಜಾಕೆಟ್ ತೆಗೆದು ಕುಣಿಯುವಾಗ ಒಳ ಉಡುಪಿನಲ್ಲಿ ನಿಂತಂತೆ ಕಾಣುತ್ತದೆ.

ಟೈ ಸಾದಾ ಇರಲಿ. ಟಾರ್ಟನ್ ಟೈಯೇ ಬೇಕೆಂದರೆ ಕಿಲ್ಟ್ ಬಟ್ಟೆ ನೇಯ್ದ ಗಿರಣಿಯದ್ದೇ ತನ್ನಿ. ಒಂದೇ ಹೆಸರು, ಒಂದೇ ಛಾಯೆ ಎಂದರೂ ಗಿರಣಿಯಿಂದ ಗಿರಣಿಗೆ ಬಣ್ಣ ಬೇರೆಯಾಗುತ್ತದೆ. ಕಾಲುಚೀಲ ಬಿಳಿ ಬೇಡ, ಅದು ಬಾಡಿಗೆ ಅಂಗಡಿಯ ಗುರುತು. ವೇಸ್ಟ್‌ಕೋಟ್ ಬಣ್ಣಕ್ಕೆ ಹತ್ತಿರದ ಉಣ್ಣೆ ಕಾಲುಚೀಲ ತಗೊಳ್ಳಿ.

ಅಳತೆಯನ್ನು ಕಿಲ್ಟ್ ಹೊಲಿಯುವವರೇ ತೆಗೆಯಲಿ. ಜೀನ್ಸ್‌ನ ನಂಬರ್ ಹೇಳಬೇಡಿ, ಅದು ಬೇರೆ ಜಾಗದ ಅಳತೆ. ಉದ್ದ ನೋಡುವಾಗ ನೇರ ನಿಂತು ಮುಂದೆ ನೋಡಿ. ಬಗ್ಗಿ ಮೊಣಕಾಲು ನೋಡಿದರೆ ಅಳತೆ ತಪ್ಪುತ್ತದೆ. ಅಂಚು ಮೊಣಕಾಲ ಚಿಪ್ಪಿನ ಆಸುಪಾಸಿಗೆ ಬರಬೇಕು, ಅದಕ್ಕಿಂತ ಕೆಳಗೆ ಇಳಿಯಬಾರದು.

ಬೇಸಿಗೆ ಮದುವೆಗಳ ಕಾಲ, ಹೊಲಿಯುವವರ ಕೈ ತುಂಬಿರುತ್ತದೆ. ಊರಿನ ಟಾರ್ಟನ್‌ಗಳು ಎಲ್ಲ ತೂಕದಲ್ಲೂ ಸಿದ್ಧ ಇರುವುದಿಲ್ಲ, ಕೆಲವೊಮ್ಮೆ ನೇಯಿಸಬೇಕಾಗುತ್ತದೆ. ಆದ್ದರಿಂದ ಈ ತಿಂಗಳೇ ಹೋಗಿ ಬಟ್ಟೆ ತುಣುಕುಗಳನ್ನು ಕೇಳಿ ತನ್ನಿ. ವೇಸ್ಟ್‌ಕೋಟ್ ಈಗಲೇ ಕೊಳ್ಳಬೇಡಿ. ಕಿಲ್ಟ್ ಕೈಗೆ ಬಂದ ಮೇಲೆ ಅದನ್ನೇ ಚೀಲದಲ್ಲಿ ಹಾಕಿಕೊಂಡು ಟ್ವೀಡ್ ಅಂಗಡಿಗೆ ಹೋಗಿ. ಎರಡು ಬಣ್ಣಗಳ ನಡುವೆ ತೀರ್ಮಾನವಾಗದಿದ್ದರೆ ಹಗಲು ಬೆಳಕಿನಲ್ಲಿ ಫೋಟೋ ತೆಗೆದು ಕಳಿಸಿ, ನೋಡಿ ಹೇಳುತ್ತೇನೆ.